ವಾರವೆಲ್ಲ ಡಾಂಬರು, ಭಾನುವಾರ ಬೆಟ್ಟ: ಒಂದೇ ಜೋಡಿ ಟೈರು ಸಾಕೇ?

ಹುಲೇಕಲ್ ದಾರಿ

ಎಲ್ಲರಿಗೂ ನಮಸ್ಕಾರ. ಹುಲೇಕಲ್ ರಸ್ತೆಯ ಹಳ್ಳಿಯೊಂದರಿಂದ ಶಿರಸಿ ಪೇಟೆಗೆ ದಿನವೂ ಸೈಕಲ್ ಮೇಲೆಯೇ ಕೆಲಸಕ್ಕೆ ಹೋಗುತ್ತೇನೆ. ಹೋಗಿಬರಲು ಇಪ್ಪತ್ತು ಕಿಲೋಮೀಟರ್ ಆಸುಪಾಸು. ಮನೆಯ ಹತ್ತಿರದ ಒಂದು ತುಂಡು ಬಿಟ್ಟರೆ ಪೂರ್ತಿ ಡಾಂಬರು. ಭಾನುವಾರ ಬೆಟ್ಟದ ಕಚ್ಚಾ ರಸ್ತೆ, ಕಾಲುದಾರಿ, ಒಮ್ಮೊಮ್ಮೆ ಸಹಸ್ರಲಿಂಗದ ಕಡೆಗೆ. ಸೈಕಲ್ 27.5 ಇಂಚಿನ ಎಂಟಿಬಿ (ಮೌಂಟನ್ ಬೈಕ್), ಅದರ ಜೊತೆಗೇ ಬಂದ 2.1 ಇಂಚಿನ ಟೈರು. ಹಿಂದಿನದರ ನಡುವಿನ ಹಲ್ಲು ಪೂರ್ತಿ ಸವೆದಿದೆ, ಮುಂದಿನದು ಅರ್ಧ ಉಳಿದಿದೆ. ಎರಡೂ ಕೆಲಸಕ್ಕೆ ಆಗುವ ಟೈರು ಯಾವುದು? ನನ್ನ ತೂಕ 81 ಕಿಲೋ. ಎರಡೂ ಟೈರು ಸೇರಿ ನಾಲ್ಕು ಸಾವಿರದೊಳಗೆ ಮುಗಿಯಬೇಕು, ಮಳೆ ಹಿಡಿಯುವ ಮೊದಲು ಹಾಕಿಸಬೇಕು. ಬಳಸಿದವರು ಅನುಭವ ಹೇಳಿ.

ಸಿದ್ದಾಪುರದ ಸವಾರ

ಒಂದೇ ಜೋಡಿ ಎಂಬ ಹಟವನ್ನೇ ಬಿಡಿ. ಮುಂದೆ ಒಂದು ಜಾತಿ, ಹಿಂದೆ ಇನ್ನೊಂದು ಜಾತಿ. ನನ್ನದು ಮುಂದೆ 2.25ರ ಹಲ್ಲಿನ ಟೈರು, ಹಿಂದೆ ಶ್ವಾಲ್ಬೆ ಕಂಪನಿಯ ಹರಿಕೇನ್. ಈ ಹರಿಕೇನ್ ನಡುವೆ ನುಣುಪು, ಅಂಚಿನಲ್ಲಿ ಮಾತ್ರ ಹಲ್ಲು. ನೆಟ್ಟಗೆ ಓಡುವಾಗ ನುಣುಪು ಭಾಗ ಮಾತ್ರ ರಸ್ತೆಗೆ ತಾಗುತ್ತದೆ, ಮಣ್ಣಿನಲ್ಲಿ ವಾಲಿದಾಗ ಅಂಚು ಕಚ್ಚುತ್ತದೆ.

ಕಾರಣ ಸರಳ. ಸವಾರನ ತೂಕದಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಪೆಡಲ್ ತುಳಿದ ಬಲವೆಲ್ಲ ಹೋಗುವುದೂ ಅಲ್ಲಿಗೇ. ಡಾಂಬರಿನ ಮೇಲೆ ಹಲ್ಲುಗಳು ಪ್ರತಿ ಸುತ್ತಿಗೂ ಬಾಗಿ ಏಳುತ್ತವೆ. ತುಳಿದ ಶಕ್ತಿ ಅಲ್ಲೇ ಶಾಖವಾಗಿ ಪೋಲಾಗುತ್ತದೆ, ಹಲ್ಲೂ ಸವೆಯುತ್ತದೆ. ನಿಮ್ಮ ಹಿಂದಿನ ಟೈರಿನ ಗತಿ ಅದೇ ಆಗಿದೆ. ಹಿಂದಿನ ಚಕ್ರ ಜಾರಿದರೆ ಕಾಲು ಊರಿ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಯೋಚನೆ ಬರುವ ಮೊದಲೇ ಮೊಣಕೈ ನೆಲಕ್ಕೆ ತಾಗಿರುತ್ತದೆ.

ಖರ್ಚು ಹೇಳಿಬಿಡುತ್ತೇನೆ. ಹಿಂದಿನದಕ್ಕೆ 2,150 ರೂಪಾಯಿ, ಮುಂದಿನದಕ್ಕೆ 1,890, ಕೊರಿಯರ್ 140. ಇಷ್ಟಕ್ಕೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮಾರಿದವರು ಮುಂದಿನ ಟೈರನ್ನು 29 ಇಂಚಿನದು ಕಳುಹಿಸಿದರು. ಮೇಲಿನ ಚೀಟಿಯಲ್ಲಿ 27.5 ಎಂದೇ ಇತ್ತು, ಟೈರಿನ ಪಕ್ಕದಲ್ಲಿ ಒತ್ತಿದ್ದು 57-622. ವಾಪಸು ಕಳುಹಿಸುವ ಕೊರಿಯರ್ ನನ್ನ ತಲೆಗೇ ಬಂತು, 160. ಅದರ ಮೇಲೆ "ಪರಿಶೀಲನಾ ಶುಲ್ಕ" ಎಂದು 260 ಮುರಿದುಕೊಂಡರು. ತಪ್ಪು ಅವರದು, ಶುಲ್ಕ ನನಗೆ! ಇವತ್ತಿಗೂ ಆ 420 ರೂಪಾಯಿ ನೆನೆದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಇಂಚಿನ ಲೆಕ್ಕ ಕೇಳಬೇಡಿ, ಪಕ್ಕದಲ್ಲಿ ಒತ್ತಿದ ಮಿಲಿಮೀಟರ್ ಅಂಕಿಯ ಫೋಟೋ ಕೇಳಿ. 27.5ಕ್ಕೆ 584 ಇರಬೇಕು. 559 ಇದ್ದರೆ ಅದು 26 ಇಂಚಿನದು, 622 ಇದ್ದರೆ 29ರದು. ಕೂರುವುದಿಲ್ಲ ಎಂದರೆ ಕೂರುವುದಿಲ್ಲ.

ಕುಮಟಾ ಕಡಲಂಚು

ಮುಂದೊಂದು ಹಿಂದೊಂದು ಎನ್ನುವುದು ವಾರಕ್ಕೊಮ್ಮೆ ಸೈಕಲ್ ತೆಗೆಯುವವರ ಮಾತು. ಕೇಳಿದವರು ವಾರದಲ್ಲಿ ಆರು ದಿನ ಡಾಂಬರಿನ ಮೇಲೆ ಇರುತ್ತಾರೆ. ಆರು ದಿನಕ್ಕೆ ಟೈರು ಕೊಳ್ಳಬೇಕೋ, ಒಂದು ದಿನಕ್ಕೋ?

ನಾನು ಕುಮಟೆಯಿಂದ ಹೊನ್ನಾವರದ ಕಡೆಗೆ ಹೆದ್ದಾರಿ 66ರಲ್ಲಿ ದಿನವೂ ಹೋಗುವವನು. ನನ್ನದು 1.75ರ ನುಣುಪು ಟೈರು, ಒಳಗೆ ದಪ್ಪ ರಕ್ಷಣಾ ಪದರ ಇರುವ ಶ್ವಾಲ್ಬೆ ಮ್ಯಾರಥಾನ್ ಪ್ಲಸ್. ಅದರ ಪದರವೇ 5 ಮಿಲಿಮೀಟರ್ ದಪ್ಪ. ಭಾರ ಹೌದು, ಹೊರುತ್ತೇನೆ. ಚತುಷ್ಪಥ ಹೆದ್ದಾರಿಯ ಅಂಚಿನಲ್ಲಿ ಏನು ಬಿದ್ದಿರುತ್ತದೆ ಎಂದು ಘಟ್ಟದ ಮೇಲಿನವರಿಗೆ ತಿಳಿಯದು. ಸಿಡಿದ ಲಾರಿ ಟೈರಿನಿಂದ ಉದುರಿದ ಉಕ್ಕಿನ ತಂತಿಯ ಚೂರುಗಳು, ಕೂದಲಿನಷ್ಟು ಸಣ್ಣವು. ಕಣ್ಣಿಗೆ ಕಾಣುವುದಿಲ್ಲ, ಟೈರಿನ ಒಳಮೈಯಲ್ಲಿ ಬೆರಳು ಆಡಿಸಿದಾಗ ಚುಚ್ಚುತ್ತವೆ. ತಂತಿಯನ್ನು ಕೀಳದೆ ಟ್ಯೂಬಿಗೆ ಪ್ಯಾಚ್ ಹಾಕಿದರೆ ಮರುದಿನ ಮತ್ತೆ ಅದೇ ಜಾಗದಲ್ಲಿ ಗಾಳಿ ಹೋಗುತ್ತದೆ. ಪಂಕ್ಚರ್ ಅಂಗಡಿಯೊಂದರಲ್ಲಿ ಹಾಗೆಯೇ ಮಾಡಿದರು. ಅರವತ್ತು ಅರವತ್ತು ರೂಪಾಯಿ ಎಂದು ಪದೇ ಪದೇ ವಸೂಲಿ ಮಾಡಿದರು. ಕೊನೆಗೆ ನಾನೇ ಕಿವಿಯ ಕೂದಲು ಕೀಳುವ ಚಿಮಟದಿಂದ ಅದನ್ನು ಹೊರಗೆ ತೆಗೆದೆ.

ಅದಕ್ಕೆ ಮೊದಲು 1.5 ಹಾಕಿದ್ದೆ. ಹೊಂಡಕ್ಕೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬಿನಲ್ಲಿ ಅಕ್ಕಪಕ್ಕ ಜೋಡಿ ತೂತು. 1.75ಕ್ಕೆ ಬಂದ ಮೇಲೆ ಆ ಕಾಟ ನಿಂತಿತು. "ಮಳೆಯಲ್ಲಿ ನುಣುಪು ಟೈರು ಜಾರುತ್ತದೆ" ಎಂದು ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ: ಕಾರಿನ ಟೈರಿನಂತೆ ಸೈಕಲ್ ಟೈರು ನೀರಿನ ಮೇಲೆ ತೇಲುವುದಿಲ್ಲ. ಅಷ್ಟು ಅಗಲವೂ ಇಲ್ಲ, ಅಷ್ಟು ವೇಗವೂ ಇಲ್ಲ. 2008ರಲ್ಲಿ ತೀರಿಕೊಂಡ ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಇದನ್ನು ಬಿಡಿಸಿ ಬರೆದಿಟ್ಟಿದ್ದಾರೆ. ಗಟ್ಟಿ ರಸ್ತೆಯಲ್ಲಿ ಹಿಡಿತ ಕೊಡುವುದು ರಬ್ಬರು, ಹಲ್ಲಲ್ಲ.

ಬೆಟ್ಟದ ಸವಾರಿ? ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಕಡಲತೀರಕ್ಕೆ ಹೋಗುವ ಕಾಲುದಾರಿಗೆ ಇದೇ ಟೈರಿನಲ್ಲಿ ಹೋಗಿದ್ದೇನೆ. ಕಲ್ಲಿನ ಜಾಗದಲ್ಲಿ ಇಳಿದು ತಳ್ಳಿದೆ. ಹಲ್ಲಿನ ಟೈರಿನವರೂ ಅಲ್ಲಿ ತಳ್ಳುತ್ತಲೇ ಇದ್ದರು.

ಯಲ್ಲಾಪುರ ಬಿದಿರು

ಟ್ಯೂಬ್‌ಲೆಸ್ ಮಾಡಿಸಿ. ಮಿಕ್ಕಿದ್ದೆಲ್ಲ ಅದರ ನಂತರದ ಮಾತು.

ನಮ್ಮ ಕಡೆ ದಾರಿಯ ಎರಡೂ ಬದಿಗೆ ಮುಳ್ಳುಬಿದಿರಿನ ಹಿಂಡಿಲು. ಬೇಸಿಗೆಯಲ್ಲಿ ಕಡಿದು ಹಾಕಿದ ಜಿಗ್ಗು, ಅಂದರೆ ಮುಳ್ಳಿನ ಕೊಂಬೆ, ಒಣಗಿ ದಾರಿಯ ತುಂಬ ಹರಡಿರುತ್ತದೆ. ಒಣಗಿದ ಬಿದಿರು ಮುಳ್ಳು ಯಾವ ಪದರವನ್ನೂ ಲೆಕ್ಕಕ್ಕೆ ಇಡುವುದಿಲ್ಲ, ಕುಮಟೆಯವರ 5 ಮಿಲಿಮೀಟರನ್ನು ಕೂಡ. ಅದರ ಮೇಲೆ ಕವಳಿ ಮುಳ್ಳು. ಟ್ಯೂಬಿನ ಕಾಲದಲ್ಲಿ ಮಾಗೋಡಿನ ಕಡೆಗೆ ಹೋದರೆ ತಳ್ಳಿಕೊಂಡು ಬರುವುದು ಖಾತ್ರಿಯಾಗಿತ್ತು.

ನನಗೆ ಆದ ಖರ್ಚು ಹೀಗಿದೆ: ಟೈರು ಒಂದಕ್ಕೆ 2,600ರಂತೆ ಎರಡಕ್ಕೆ 5,200. ರಿಮ್ ಟೇಪು 450. ವಾಲ್ವ್ ಜೋಡಿ 600. ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, ಅರ್ಧ ಲೀಟರ್ 850. ಹಿತ್ತಾಳೆಯ ಅಡಾಪ್ಟರ್ 60, ಇದನ್ನು ಮರೆಯಬೇಡಿ. ಟ್ಯೂಬ್‌ಲೆಸ್ ವಾಲ್ವ್ ಸಪೂರದ ಪ್ರೆಸ್ಟಾ ಜಾತಿ, ಪೆಟ್ರೋಲ್ ಬಂಕಿನ ಗಾಳಿ ಕೊಳವೆಗೆ ಅದು ಹಿಡಿಸುವುದಿಲ್ಲ. ಕೂರಿಸಿದ ಕೂಲಿ 200. ಒಟ್ಟು 7,360. ಕೇಳಿದವರ ನಾಲ್ಕು ಸಾವಿರದಲ್ಲಿ ಆಗದು, ಗೊತ್ತು. ಸ್ವಲ್ಪ ತಡೆದು ದುಡ್ಡು ಕೂಡಿಸಿಯಾದರೂ ಮಾಡಿಸಿ.

ಕೂರಿಸುವುದು ಸುಲಭವಾಗಿರಲಿಲ್ಲ. ನನ್ನ ರಿಮ್ಮು ಟ್ಯೂಬ್‌ಲೆಸ್‌ಗೆಂದು ಮಾಡಿದ್ದಲ್ಲ. ಕೈಪಂಪಿನಲ್ಲಿ ಎಷ್ಟು ಹೊಡೆದರೂ ಟೈರಿನ ಅಂಚು ಏರಲಿಲ್ಲ. ಬೈಕ್ ಟೈರಿನ ಅಂಗಡಿಗೆ ಒಯ್ದು, ವಾಲ್ವಿನ ಒಳಗಿನ ಪಿನ್ನು ಬಿಚ್ಚಿ, ಕಂಪ್ರೆಸರ್‌ನಿಂದ ಒಮ್ಮೆಲೇ ಗಾಳಿ ಕೊಡಿಸಿದೆ. ಹಿಂದಿನದು ಟಪ್ ಎಂದು ಕೂತಿತು. ಮುಂದಿನದು ಒಂದು ಬದಿ ಹಾರಿ, ಬಿಳಿಯ ಸೀಲೆಂಟ್ ಅಂಗಡಿಯ ಗೋಡೆ, ದೇವರ ಫೋಟೋ, ಯಾರದೋ ತೊಳೆದಿಟ್ಟ ಬೈಕಿನ ಸೀಟು, ಎಲ್ಲದರ ಮೇಲೂ ಬಿತ್ತು. ಆ ಮನುಷ್ಯ ಅಂದಿನಿಂದ ನನ್ನ ಸೈಕಲ್ ಮುಟ್ಟುವುದಿಲ್ಲ. ಟೇಪು ಇನ್ನೊಂದು ಸುತ್ತು ಸುತ್ತಿದ ಮೇಲೆ ಸರಿಹೋಯಿತು.

ಇನ್ನೊಂದು ಖರ್ಚಿದೆ. ಸೀಲೆಂಟ್ ರಬ್ಬರಿನ ಹಾಲಿನಿಂದ ಮಾಡಿದ್ದು, ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಏಪ್ರಿಲ್‌ನಲ್ಲಿ ಟೈರು ಬಿಚ್ಚಿದಾಗ ಒಳಗೆ ಉಂಡೆಗಳು ಮಾತ್ರ ಇದ್ದವು. ಮತ್ತೊಂದು ಬಾಟಲಿ, 850. ಒಟ್ಟು 8,210. ಆದರೂ ಹೇಳುತ್ತೇನೆ, ಕೊಟ್ಟ ಪ್ರತಿ ರೂಪಾಯಿಯೂ ಸಾರ್ಥಕ. ಮುಳ್ಳು ಚುಚ್ಚಿದಲ್ಲಿ ಬಿಳಿ ಹನಿ ಕಾಣುತ್ತದೆ, ಚಕ್ರ ತಿರುಗುತ್ತದೆ, ತೂತು ಮುಚ್ಚುತ್ತದೆ, ನಾನು ಮುಂದೆ ಹೋಗುತ್ತೇನೆ.

ಕುಮಟಾ ಕಡಲಂಚು

8,210 ರೂಪಾಯಿ! ಟ್ಯೂಬ್ ಒಂದಕ್ಕೆ 250 ಎಂದರೂ ಮೂವತ್ತೆರಡು ಟ್ಯೂಬು ಬರುತ್ತವೆ. ನಾಲ್ಕು ಸಾವಿರ ಎಂದವರಿಗೆ ಎರಡರಷ್ಟು ಖರ್ಚಿನ ದಾರಿ ತೋರಿಸುವುದು ಸಲಹೆಯೇ?

ಯಲ್ಲಾಪುರ ಬಿದಿರು

ಮೂವತ್ತೆರಡು ಟ್ಯೂಬನ್ನು ಮಾಗೋಡು ದಾರಿಯಲ್ಲಿ, ಜುಲೈ ಮಳೆಯಲ್ಲಿ, ಎರಡೂ ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತಿರುವಾಗ ಬದಲಿಸಿ ತೋರಿಸಿ. ಆಮೇಲೆ ಲೆಕ್ಕ ಮಾತಾಡೋಣ. ಹೆದ್ದಾರಿ ಬದಿಯಲ್ಲಿ ಚಹಾದ ಅಂಗಡಿಯ ನೆರಳಿನಲ್ಲಿ ಟ್ಯೂಬು ಬದಲಿಸುವುದು ಯಾರಿಗೂ ಬರುತ್ತದೆ.

ಹೆಗ್ಗರಣೆ ಕಡೆಯ ಶಿಕ್ಷಕಿ

ಟೈರು ಯಾವುದೆಂದು ಇಷ್ಟು ಮಾತಾಡಿದಿರಿ, ಒಳಗಿನ ಗಾಳಿ ಎಷ್ಟೆಂದು ಒಬ್ಬರೂ ಕೇಳಲಿಲ್ಲ. ಅದೇ ಮುಖ್ಯ.

ಶಾಲೆಗೆ ಹೋಗುವ ನನ್ನ ದಾರಿಯಲ್ಲಿ ಅರ್ಧ ಡಾಂಬರು, ಅರ್ಧ ಜಂಬಿಟ್ಟಿಗೆ ಕಲ್ಲಿನ ಹರಳು ತುಂಬಿದ ಮಣ್ಣು ರಸ್ತೆ, ಕೊನೆಗೆ ಒಂದು ಸಂಕ, ಹಳ್ಳ ದಾಟುವ ಕಾಲುಸೇತುವೆ. ಸಂಕದ ಮೇಲೆ ಸೈಕಲ್ ಹೆಗಲಿಗೆ. ಎರಡೂ ಚಕ್ರಕ್ಕೆ 2.25ರ ಸಾಧಾರಣ ಟೈರು, ನಡುವೆ ಒತ್ತೊತ್ತಾದ ಗಿಡ್ಡ ಹಲ್ಲು, ಅಂಚಿನಲ್ಲಿ ಬಿಡಿಬಿಡಿಯಾದ ಉದ್ದ ಹಲ್ಲು. ಭಾರತದಲ್ಲೇ ತಯಾರಾದದ್ದು, ಜೋಡಿಗೆ 1,700. ವಿದೇಶಿ ಹೆಸರು ಯಾವುದೂ ಇಲ್ಲ. ಜೊತೆಗೆ ಗಾಳಿ ಅಳೆಯುವ ಮೀಟರ್ ಇರುವ ನೆಲಪಂಪು, 1,450. ಟೈರಿಗಿಂತ ಪಂಪು ನನಗೆ ಹೆಚ್ಚು ಉಪಕಾರ ಮಾಡಿದೆ.

ನನ್ನ ತೂಕ 52. ಡಾಂಬರಿಗೆ ಹಿಂದೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದೆ 30. ಮಣ್ಣಿಗೆ ಹಿಂದೆ 28, ಮುಂದೆ 24. ಅಂಗಡಿಯವರು ಟೈರಿನ ಮೇಲೆ ಒತ್ತಿದ ಗರಿಷ್ಠ ಅಂಕಿ ನೋಡಿ ಅಷ್ಟೂ ತುಂಬಿಸಿಬಿಡುತ್ತಾರೆ. ಅದು ಮೀರಬಾರದ ಮಿತಿ, ತುಂಬಿಸಬೇಕಾದ ಅಳತೆಯಲ್ಲ. ಹಾಗೆ ಕಲ್ಲಾದ ಟೈರು ಹರಳಿನ ಮೇಲೆ ಹೊರಳುವುದಿಲ್ಲ, ಪುಟಿಯುತ್ತದೆ, ಪುಟಿದಾಗ ಹಿಡಿತ ತಪ್ಪುತ್ತದೆ. ಅಗಲದ ಟೈರು ನಿಧಾನ ಎಂಬುದೂ ಪೂರ್ತಿ ನಿಜವಲ್ಲ. ಒಂದೇ ಒತ್ತಡದಲ್ಲಿ ಅಗಲದ್ದೇ ಹಗುರವಾಗಿ ಉರುಳುತ್ತದೆ, ಏಕೆಂದರೆ ನೆಲಕ್ಕೆ ತಾಗುವ ಭಾಗ ಗಿಡ್ಡವಾಗಿ ಟೈರಿನ ಪಕ್ಕ ಕಡಿಮೆ ಬಾಗುತ್ತದೆ.

ಕುಮಟೆಯವರೇ, ಹೆದ್ದಾರಿಯಲ್ಲಿ ನಿಮ್ಮ ಮಾತು ಸರಿ. ಆದರೆ ಆಗಸ್ಟ್‌ನಲ್ಲಿ ತೋಟದ ನಡುವಿನ ನಮ್ಮ ಡಾಂಬರು ರಸ್ತೆ ನೋಡಿದ್ದೀರಾ? ಬಿಸಿಲೇ ಬೀಳದೆ ಹಸಿರು ಹಾವಸೆ ಕಟ್ಟಿರುತ್ತದೆ. ಅದರ ಮೇಲೆ ನುಣುಪೂ ಜಾರುತ್ತದೆ, ಹಲ್ಲೂ ಜಾರುತ್ತದೆ. ಅಲ್ಲಿ ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಮುಗಿಸಬೇಕು, ಹಾವಸೆಯ ಮೇಲೆ ಬ್ರೇಕನ್ನು ಮುಟ್ಟಲೇಬಾರದು. ನಮ್ಮ ಶಾಲೆಯ ಮಕ್ಕಳಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಸಿದ್ದಾಪುರದ ಸವಾರ

ಅಕ್ಕೋರೇ, 52 ಕಿಲೋದವರ 24 ಪಿಎಸ್‌ಐ ಅನ್ನು 81 ಕಿಲೋದವರು ಟ್ಯೂಬಿನ ಜೊತೆ ಹಾಕಿದರೆ ಮೊದಲ ಬೇರಿಗೇ ರಿಮ್ಮು ಬಡಿಯುತ್ತದೆ. ನಾನು 76. ಹಿಂದೆ 40ಕ್ಕಿಂತ ಇಳಿಸುವುದಿಲ್ಲ.

ಹೆಗ್ಗರಣೆ ಕಡೆಯ ಶಿಕ್ಷಕಿ

ನನ್ನ ಅಂಕಿ ಹಾಕಿ ಎಂದು ನಾನೆಲ್ಲಿ ಹೇಳಿದೆ? ತೂಕವನ್ನು ಮೊದಲೇ ಬರೆದದ್ದು ಅದಕ್ಕಾಗಿಯೇ.

ಬೆಟ್ಟ ನಮ್ಮದು

ಟೈರಿನ ಬಗ್ಗೆ ನನಗೆ ತಿಳಿಯದು. ನಾನು ತೋಟಿಗ. "ಬೆಟ್ಟದ ಕಾಲುದಾರಿ" ಎಂದು ಎಲ್ಲರೂ ಹಗುರವಾಗಿ ಬರೆಯುತ್ತಿದ್ದೀರಲ್ಲ, ಆ ಬೆಟ್ಟ ಯಾರದ್ದು? ಶಿರಸಿ ಸೀಮೆಯ ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದಿಂದ ಅಡಕೆ ತೋಟಕ್ಕೆ ಹಚ್ಚಿಕೊಟ್ಟದ್ದು, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ. ಸೊಪ್ಪು, ದರಕು (ಒಣಗಿದ ಎಲೆ) ಅಲ್ಲಿಂದ ಬಂದರೆ ಮಾತ್ರ ತೋಟಕ್ಕೆ ಗೊಬ್ಬರ.

ಭಾನುವಾರ ಬಂದವರು ಉಣಗೋಲು, ಅಂದರೆ ಬೇಲಿಯ ಗಳದ ಬಾಗಿಲು, ತೆಗೆದು ಹಾಗೆಯೇ ಹೋಗುತ್ತಾರೆ, ದನ ತೋಟಕ್ಕೆ ನುಗ್ಗುತ್ತದೆ. ಮಳೆಗಾಲದಲ್ಲಿ ಹಲ್ಲಿನ ಟೈರು ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಜಾರಿದರೆ ಒಂದು ಗೀರು ಬೀಳುತ್ತದೆ. ಮುಂದಿನ ದೊಡ್ಡ ಮಳೆಗೆ ನೀರು ಅದೇ ಗೀರಿನಲ್ಲಿ ಹರಿಯುತ್ತದೆ. ಹೋದ ವರ್ಷ ನಮ್ಮ ಬೆಟ್ಟದ ಒಂದು ಕಡೆ ಹೀಗೆ ಕೊರೆದು ಮಣ್ಣೆಲ್ಲ ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆಗೆ) ಬಂದು ತುಂಬಿತು. ಅದನ್ನು ಎತ್ತಿಸಲು ಆಳಿಗೆ 700ರಂತೆ ಕೊಟ್ಟಿದ್ದೇನೆ, ಊಟ ಬೇರೆ. ನಿಮ್ಮ 420 ರೂಪಾಯಿಗೆ ಹೊಟ್ಟೆ ಉರಿದರೆ ನಮ್ಮದೂ ಉರಿಯುತ್ತದೆ.

ಸಿದ್ದಾಪುರದ ಸವಾರ

ಸ್ವಾಮಿ, ಮಣ್ಣು ಕೊರೆಯುವುದು ಜೀಪು, ಟ್ರ್ಯಾಕ್ಟರ್, ಹಿಟಾಚಿ. 14 ಕಿಲೋ ಸೈಕಲ್ ಅಲ್ಲ. ಉಣಗೋಲು ತೆರೆದಿಟ್ಟು ಹೋದವರನ್ನು ಹಿಡಿದು ಬೈಯಿರಿ, ನಾನೂ ಜೊತೆಗೆ ಬರುತ್ತೇನೆ. ಎಲ್ಲ ಸೈಕಲ್‌ನವರ ಮೇಲೆ ಹಾಕಬೇಡಿ.

ಬೆಟ್ಟ ನಮ್ಮದು

ಜೀಪು ರಸ್ತೆಯಲ್ಲಿ ಹೋಗುತ್ತದೆ, ಕಾಲುದಾರಿಗೆ ಇಳಿಯುವುದಿಲ್ಲ. ಗೀರು ಯಾವುದರದ್ದು ಎಂದು ನನಗೆ ಗೊತ್ತಾಗುತ್ತದೆ. ಟೈರಿನ ಹಲ್ಲಿನ ಗುರುತು ಹಸಿ ಮಣ್ಣಿನಲ್ಲಿ ಅಚ್ಚೊತ್ತಿದಂತೆ ಇತ್ತು.

ಯಲ್ಲಾಪುರ ಬಿದಿರು

ತೋಟಿಗರ ಮಾತಿನಲ್ಲಿ ನ್ಯಾಯವಿದೆ. ಮೊದಲ ಮಳೆಯಿಂದ ದಸರೆವರೆಗೆ ಇಳಿಜಾರಿನ ಕಾಲುದಾರಿಗಳನ್ನು ನಾವು ಬಿಟ್ಟಿದ್ದೇವೆ, ಗಟ್ಟಿ ಕಚ್ಚಾ ರಸ್ತೆಗಳಲ್ಲಿ ಮಾತ್ರ ಹೋಗುತ್ತೇವೆ. ಕಾಯ್ದಿಟ್ಟ ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಡೆಗಂತೂ ತಲೆ ಹಾಕಲೇಬೇಡಿ. ನೋಡಿ, ಮಳೆಗಾಲದಲ್ಲಿ ಕಾಲುದಾರಿ ಬಿಟ್ಟರೆ ಟೈರಿನ ಪ್ರಶ್ನೆಯೂ ಅರ್ಧ ಬಗೆಹರಿಯುತ್ತದೆ. ಕೆಸರಿಗೆಂದು ಮಾಡಿದ ಉದ್ದ ಹಲ್ಲಿನ ಟೈರು ಯಾರಿಗೂ ಬೇಕಾಗುವುದಿಲ್ಲ.

ಸದಾಶಿವಗಡ

ಕಾರವಾರದಿಂದ ಒಂದು ಮಾತು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಗೇ ಬಂದವು. ಪಕ್ಕಕ್ಕೆ ಲಾರಿ ಬಂದಾಗ ಅಂಚಿಗೆ ಸರಿಯಬೇಕು, ಅಂಚಿನಲ್ಲಿ ಮರಳು, ಸೇತುವೆಯ ಜೋಡಣೆಯಲ್ಲಿ ಸಂದು. ಸಪೂರ ಟೈರಿನಲ್ಲಿ ಅಲ್ಲಿ ಧೈರ್ಯವೇ ಬರುತ್ತಿರಲಿಲ್ಲ. ನಾನು 2.2ರ ಕಾಂಟಿನೆಂಟಲ್ ರೇಸ್ ಕಿಂಗ್ ಹಾಕಿದ್ದೇನೆ. ಹಲ್ಲು ಗಿಡ್ಡ, ಒತ್ತೊತ್ತು, ಡಾಂಬರಿನಲ್ಲಿ ಗುಂಯ್‌ಗುಟ್ಟುವುದು ಕಡಿಮೆ.

ಕರಾವಳಿಯವರು ಟ್ಯೂಬ್‌ಲೆಸ್ ಮಾಡಿಸುವ ಮೊದಲು ಉಪ್ಪುಗಾಳಿಯನ್ನು ನೆನೆಯಿರಿ. ಸ್ಪೋಕನ್ನು ರಿಮ್ಮಿಗೆ ಬಿಗಿಯುವ ನನ್ನ ನಿಪ್ಪಲ್‌ಗಳು ಅಲ್ಯೂಮಿನಿಯಂ ಆಗಿದ್ದವು. ಉಪ್ಪು ತಿಂದು ಬಿಳಿ ಪುಡಿಯಾಗಿ ಒಂದೊಂದೇ ಒಡೆದವು. ಅದನ್ನು ಬದಲಿಸಲು ಟೇಪು ಕೀಳಬೇಕು, ಟೇಪು ಕಿತ್ತರೆ ಸೀಲೆಂಟ್ ಹೋಯಿತು, ಎಲ್ಲ ಮೊದಲಿನಿಂದ. ಹಿತ್ತಾಳೆ ನಿಪ್ಪಲ್ ಹಾಕಿ ಚಕ್ರ ಕಟ್ಟಿಸಲು ಸಾಮಾನು, ಕೂಲಿ ಸೇರಿ 1,350. ಅಂದಿನಿಂದ ಟ್ಯೂಬು, ದಪ್ಪ ವಾಲ್ವು. ಬೈಕಿನ ಪಂಪು ಎಲ್ಲಿದ್ದರೂ ಗಾಳಿ ಸಿಗುತ್ತದೆ.

ಕುಮಟಾ ಕಡಲಂಚು

ಕೇಳಿಸಿತೇ, ಯಲ್ಲಾಪುರದವರೇ?

ಯಲ್ಲಾಪುರ ಬಿದಿರು

ಉಪ್ಪು ತಿಂದದ್ದು ನಿಪ್ಪಲನ್ನು. ಸೀಲೆಂಟಿನ ಅಪರಾಧ ಅದರಲ್ಲಿ ಏನಿದೆ?

ಬಿಡಕಿ ಬೈಲ್ ಹಳಬ

ಶಿರಸಿಯಲ್ಲಿ ಸೈಕಲ್ ರಿಪೇರಿ ಮಾಡುತ್ತ ತಲೆ ನರೆತವನು ನಾನು. ಇಷ್ಟು ಜನ ಬರೆದಿರಿ, ಮುಂದಿನ ಟೈರು ಅರ್ಧ ಉಳಿದಿದೆ ಎಂದು ಅವರು ಹೇಳಿದ್ದನ್ನು ಯಾರೂ ಓದಲಿಲ್ಲ. ತಮ್ಮ, ಎರಡು ಟೈರು ಯಾಕೆ ಕೊಳ್ಳುತ್ತೀ? ಮುಂದಿನದನ್ನು ಬಿಚ್ಚಿ ಹಿಂದಕ್ಕೆ ಹಾಕು. ಹೊಸದು ಒಂದನ್ನೇ ತಂದು ಮುಂದಕ್ಕೆ ಹಾಕು. ಚೆನ್ನಾಗಿರುವ ಟೈರು ಯಾವತ್ತೂ ಮುಂದೆ ಇರಬೇಕು. ಹಿಂದಿನದು ಡಾಂಬರಿನಲ್ಲಿ ಸವೆಯುತ್ತ ಸವೆಯುತ್ತ ತಾನಾಗಿ ನುಣುಪಾಗುತ್ತದೆ, ಸಿದ್ದಾಪುರದವರು 2,150 ಕೊಟ್ಟು ತಂದದ್ದು ನಿನಗೆ ಪುಕ್ಕಟೆ ಸಿಗುತ್ತದೆ. ಪಕ್ಕದಲ್ಲಿ ಬಾಣದ ಗುರುತು ಇದ್ದರೆ ದಿಕ್ಕು ನೋಡಿ ಹಾಕು. ಗಾಳಿ ಹಿಂದೆ 45, ಮುಂದೆ 38ರಿಂದ ಶುರು ಮಾಡು, ಭಾನುವಾರ ಐದಾರು ಇಳಿಸು. ರಿಮ್ಮು ಬಡಿದರೆ ಮತ್ತೆ ಏರಿಸು.

ಸಿದ್ದಾಪುರದ ಸವಾರ

ಸವೆದು ನುಣುಪಾದದ್ದೂ ನುಣುಪಾಗಿಯೇ ತಯಾರಾದದ್ದೂ ಒಂದೇ ಎನ್ನುವುದನ್ನು ಒಪ್ಪುವುದಿಲ್ಲ. ಸವೆದ ಟೈರಿನಲ್ಲಿ ರಬ್ಬರು ತೆಳುವಾಗಿರುತ್ತದೆ, ಒಳಗಿನ ನೂಲಿಗೆ ಮುಳ್ಳು ಬೇಗ ತಲುಪುತ್ತದೆ. ಹರಿಕೇನ್‌ನ ನಡುವಿನ ರಬ್ಬರು ದಪ್ಪ. ನಾನು ಕೊಟ್ಟ ಹಣ ಅದಕ್ಕೆ.

ಬಿಡಕಿ ಬೈಲ್ ಹಳಬ

ನೂಲು ಕಂಡ ದಿನ ಎಸೆದರಾಯಿತು. ಅಲ್ಲಿಯವರೆಗೆ ಓಡಿಸಲು ಏನು ಅಡ್ಡಿ? ನಿಮ್ಮ ಹಣ, ನಿಮ್ಮ ಇಷ್ಟ. ಬಡವರ ಸೈಕಲ್ ನೋಡಿದ ಕೈ ನನ್ನದು.

ಹುಲೇಕಲ್ ದಾರಿ

ಎಲ್ಲರಿಗೂ ವಂದನೆ. ಮುಂದಿನದನ್ನು ಹಿಂದಕ್ಕೆ ಹಾಕಿಸುತ್ತೇನೆ. ಮುಂದಕ್ಕೆ ಅಕ್ಕೋರು ಹೇಳಿದಂಥ 2.25 ನೋಡುತ್ತೇನೆ. ಉಳಿದ ಹಣಕ್ಕೆ ಮೀಟರ್ ಇರುವ ಪಂಪು. ಬೆಟ್ಟದವರೇ, ನಾನು ಉಣಗೋಲು ಹಾಕದೆ ಹೋದವನಲ್ಲ, ನಮ್ಮದೂ ತೋಟವೇ. 2.25 ನನ್ನ ಫೋರ್ಕಿನಲ್ಲಿ (ಮುಂದಿನ ಚಕ್ರ ಹಿಡಿದ ಕವಲಿನಲ್ಲಿ) ಹಿಡಿಸುತ್ತದೆಯೇ ಎಂದು ಹೇಗೆ ನೋಡುವುದು?

ಬಿಡಕಿ ಬೈಲ್ ಹಳಬ

ಈಗಿರುವ ಟೈರಿಗೂ ಫೋರ್ಕಿಗೂ ನಡುವೆ ಎರಡೂ ಬದಿ ಕಿರುಬೆರಳು ಸಲೀಸಾಗಿ ಆಡಿದರೆ ಹಿಡಿಸುತ್ತದೆ. ಮಡ್‌ಗಾರ್ಡ್ ಇದ್ದರೆ ಅದರ ಕೆಳಗೂ ನೋಡು, ಮಣ್ಣು ಅಲ್ಲೇ ಕಚ್ಚಿಕೊಳ್ಳುವುದು.

ಸಿದ್ದಾಪುರದ ಸವಾರ

57-584 ಎಂದು ಒತ್ತಿದ್ದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಯಲ್ಲಾಪುರ ಬಿದಿರು

ಟ್ಯೂಬೇ ಇರಲಿ ಎನ್ನುವಿರಾದರೆ ಟ್ಯೂಬಿನ ಒಳಗೂ ಸೀಲೆಂಟ್ ಹಾಕಬಹುದು, ವಾಲ್ವಿನ ಪಿನ್ನು ಬಿಚ್ಚಲು ಬರಬೇಕು ಅಷ್ಟೆ. ನನ್ನ ಬಾಟಲಿಯಲ್ಲಿ ಸ್ವಲ್ಪ ಉಳಿದಿದೆ. ಯಲ್ಲಾಪುರ–ಶಿರಸಿ ಬಸ್ಸಿಗೆ ಕೊಟ್ಟು ಕಳುಹಿಸುತ್ತೇನೆ, ಹಣ ಬೇಡ.

ಕುಮಟಾ ಕಡಲಂಚು

ಅದನ್ನು ಹಾಕಿದ ಟ್ಯೂಬಿಗೆ ಆಮೇಲೆ ಪ್ಯಾಚ್ ಹತ್ತುವುದಿಲ್ಲ, ತೂತಿನ ಸುತ್ತ ಅಂಟು ಇರುತ್ತದೆ. ಹಾಕುವ ಮೊದಲು ಅದನ್ನೂ ಕೇಳಿಕೊಳ್ಳಿ.

ಯಲ್ಲಾಪುರ ಬಿದಿರು

ಸ್ಪಿರಿಟ್‌ನಲ್ಲಿ ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿದರೆ ಹತ್ತುತ್ತದೆ. ನಾನೇ ಹಾಕಿದ್ದೇನೆ.